ಒಟ್ಟೊ ಕೋನಿಗ್ಸ್‌ಬರ್ಗರ್

ಒಟ್ಟೊ ಹೈನ್‌ರಿಖ್ ಕೋನಿಗ್ಸ್‌ಬರ್ಗರ್ (1908–1999) ಜರ್ಮನಿಯಲ್ಲಿ ಜನಿಸಿದ ವಾಸ್ತುಶಿಲ್ಪಿ, ನಗರ ಯೋಜಕ ಮತ್ತು ಅಧ್ಯಾಪಕ. 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. ಸ್ವಾತಂತ್ರ್ಯದ ನಂತರ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶವಿಭಜನೆಯಿಂದ ನಿರಾಶ್ರಿತರಾದವರಿಗೆ ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಮನೆಗಳನ್ನು ಒದಗಿಸುವ ಯೋಜನೆಯನ್ನು ಮುನ್ನಡೆಸಿದರು. ಈ ಯೋಜನೆ ವಿಫಲವಾಯಿತು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ಅಧ್ಯಯನ ವಿಷಯವನ್ನಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು. ವಿಶ್ವಸಂಸ್ಥೆಯ ಸಲಹೆಗಾರರಾಗಿ ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಕೆಲಸ ಮಾಡಿದರು.

ಬಾಲ್ಯ ಮತ್ತು ಶಿಕ್ಷಣ

ಕೋನಿಗ್ಸ್‌ಬರ್ಗರ್ 1908ರ ಅಕ್ಟೋಬರ್ 13ರಂದು ಬರ್ಲಿನ್ನಿನಲ್ಲಿ ಜನಿಸಿದರು. ಅವರ ತಂದೆಯೂ ವಾಸ್ತುಶಿಲ್ಪಿಯಾಗಿದ್ದರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರಿಗೆ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಅವರ ಬಳಿ ವ್ಯಾಸಂಗ ಮಾಡಿ 1931ರಲ್ಲಿ ಪದವಿ ಪಡೆದರು. ಆ ಕಾಲದ ಬರ್ಲಿನ್ನಿನಲ್ಲಿ ಕಾರ್ಮಿಕರಿಗೂ ಕೆಳಮಧ್ಯಮ ವರ್ಗದವರಿಗೂ ಬೆಳಕು ಗಾಳಿಯುಳ್ಳ ಅಗ್ಗದ ಮನೆಗಳನ್ನು ಸಾಮೂಹಿಕವಾಗಿ ಕಟ್ಟುವ ದೊಡ್ಡ ಪ್ರಯತ್ನಗಳು ನಡೆದಿದ್ದವು. ಬ್ರೂನೊ ಟೌಟ್, ಅರ್ನ್ಸ್ಟ್ ಮೇ ಮೊದಲಾದವರು ಈ ಚಳವಳಿಯ ಮುಂಚೂಣಿಯಲ್ಲಿದ್ದರು. ಕಟ್ಟಡದ ಭಾಗಗಳನ್ನು ಅಚ್ಚಿನಲ್ಲಿ ತಯಾರಿಸಿ ಸ್ಥಳದಲ್ಲಿ ಜೋಡಿಸುವ ವಿಧಾನವನ್ನು ಮೇ ಅವರು ಫ್ರಾಂಕ್‌ಫರ್ಟ್ ನಗರದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದ್ದರು. ವಸತಿಯನ್ನು ಸಾರ್ವಜನಿಕ ಹೊಣೆಯೆಂದು ನೋಡುವ ದೃಷ್ಟಿ ಕೋನಿಗ್ಸ್‌ಬರ್ಗರ್ ಅವರಿಗೆ ಈ ವಾತಾವರಣದಿಂದ ಬಂದಿತು.

1933ರಲ್ಲಿ ಅವರಿಗೆ ಷಿಂಕೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದಿ ಮೂಲದವರನ್ನು ಸರ್ಕಾರಿ ಸೇವೆಯಿಂದ ಹೊರಹಾಕುವ ಕಾನೂನು ಜಾರಿಯಾದಾಗ ಯುವ ವಾಸ್ತುಶಿಲ್ಪಿಗೆ ತಾಯ್ನಾಡಿನಲ್ಲಿ ವೃತ್ತಿಯ ಬಾಗಿಲು ಮುಚ್ಚಿತು.

ಈಜಿಪ್ಟಿನ ವರ್ಷಗಳು

ಜರ್ಮನಿಯನ್ನು ತೊರೆದ ಕೋನಿಗ್ಸ್‌ಬರ್ಗರ್ ಈಜಿಪ್ಟಿನ ಕೈರೋ ನಗರದಲ್ಲಿ ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಖಾರ್ಟ್ ಅವರ ಬಳಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತ ಅವರ ಅಧ್ಯಯನ 1936ರಲ್ಲಿ ಪ್ರಕಟವಾಯಿತು. ಬಿಸಿಲಿನ ನಾಡಿನಲ್ಲಿ ದಪ್ಪ ಗೋಡೆ, ಒಳ ಅಂಗಳ, ಸಣ್ಣ ಕಿಂಡಿ ಮತ್ತು ನೆರಳು ಮಾಡುವ ಕೆಲಸವನ್ನು ಅವರು ಹತ್ತಿರದಿಂದ ಕಂಡದ್ದು ಇಲ್ಲಿಯೇ.

ಮೈಸೂರು ಸಂಸ್ಥಾನದ ಸೇವೆ

ಸೋದರಮಾವ ಮ್ಯಾಕ್ಸ್ ಬಾರ್ನ್ ಅವರಿಗೂ ನಾಜಿ ಆಡಳಿತದಿಂದ ಹುದ್ದೆ ಕಳೆದುಹೋಗಿತ್ತು. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಗ ಬೆಳೆದ ಪರಿಚಯಗಳ ಮೂಲಕ ಕೋನಿಗ್ಸ್‌ಬರ್ಗರ್ ಅವರ ಹೆಸರು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ತಲುಪಿತು. 1926ರಿಂದ ದಿವಾನರಾಗಿದ್ದ ಮಿರ್ಜಾ ಅವರು ನಗರಗಳ ಅಂದಚೆಂದದ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವರು. 1939ರಲ್ಲಿ ಬೆಂಗಳೂರಿಗೆ ಬಂದ ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತು ವರ್ಷ ವಯಸ್ಸು.

ದಿವಾನರಿಗೆ ಗುಮ್ಮಟ, ಕಮಾನು, ಸಾಲುಗಂಬಗಳ ಸಾಂಪ್ರದಾಯಿಕ ಶೈಲಿ ಪ್ರಿಯವಾಗಿತ್ತು. ಬರ್ಲಿನ್ನಿನಲ್ಲಿ ಕಲಿತ ವಾಸ್ತುಶಿಲ್ಪಿಯ ಒಲವು ಅಲಂಕಾರವಿಲ್ಲದ ಸರಳ ರೂಪದ ಕಡೆಗಿತ್ತು. ಸಂಸ್ಥಾನದ ಆರಂಭದ ಕೆಲಸಗಳಲ್ಲಿ ಈ ಎರಡು ಅಭಿರುಚಿಗಳ ನಡುವಿನ ಹೊಂದಾಣಿಕೆಯನ್ನು ಕಾಣಬಹುದು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಈ ಅವಧಿಯದು. ಬೆಂಗಳೂರಿನ ಬಸ್ ನಿಲ್ದಾಣ, ವಿಕ್ಟರಿ ಹಾಲ್ ಮುಂತಾದ ಸಾರ್ವಜನಿಕ ಕಟ್ಟಡಗಳ ವಿನ್ಯಾಸಗಳನ್ನೂ ಅವರು ಸಿದ್ಧಪಡಿಸಿದರು.

ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳು

ಕೋನಿಗ್ಸ್‌ಬರ್ಗರ್ ಅವರ ಬೆಂಗಳೂರಿನ ಕೆಲಸಗಳಲ್ಲಿ ಹೆಚ್ಚು ಮಹತ್ತ್ವದವು ನಗರದ ಉತ್ತರ ಭಾಗದಲ್ಲಿವೆ. ಮಲ್ಲೇಶ್ವರ ಮತ್ತು ಯಶವಂತಪುರಗಳ ಮಗ್ಗುಲಲ್ಲಿ, ಹೆಬ್ಬಾಳಕ್ಕೆ ಕೆಲವೇ ಕಿಲೋಮೀಟರು ದಕ್ಷಿಣದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಜ್ಞಾನಚಂದ್ರ ಘೋಷ್ ಅವರು ನಿರ್ದೇಶಕರಾಗಿದ್ದಾಗ, ಸಂಸ್ಥೆ ವೇಗವಾಗಿ ಬೆಳೆಯಿತು. ನಗರದಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಗಿತ್ತು. 1942ರಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಪ್ರಾರಂಭವಾಯಿತು. ಈ ವಿಭಾಗದ ಕಟ್ಟಡ, ಲೋಹವಿಜ್ಞಾನ ವಿಭಾಗದ ಕಟ್ಟಡ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣಗಳನ್ನು ಕೋನಿಗ್ಸ್‌ಬರ್ಗರ್ ವಿನ್ಯಾಸಗೊಳಿಸಿದರು.

ಯುದ್ಧಕಾಲದಲ್ಲಿ ಉಕ್ಕು ಮತ್ತು ಸಿಮೆಂಟು ಸುಲಭವಾಗಿ ಸಿಗುತ್ತಿರಲಿಲ್ಲ. ಆದುದರಿಂದ ಸುತ್ತಮುತ್ತ ದೊರೆಯುವ ಕಲ್ಲು, ಇಟ್ಟಿಗೆ, ಮರಗಳನ್ನು ನಂಬಿ ಕಟ್ಟಬೇಕಾಯಿತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸೂರ್ಯನು ಮಧ್ಯಾಹ್ನ ನೆತ್ತಿಯ ಮೇಲಿರುವುದರಿಂದ ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಸಣ್ಣ ಚಾಚು ಸಾಕಷ್ಟು ನೆರಳು ಕೊಡುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಪೂರ್ವ ಪಶ್ಚಿಮದ ಗೋಡೆಗಳನ್ನು ಕಾಯಿಸುತ್ತದೆ. ಇದನ್ನರಿತು ಕಟ್ಟಡದ ಉದ್ದನೆಯ ಬದಿಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸುವುದು, ಕೋಣೆಯ ಎರಡೂ ಬದಿಗಳಲ್ಲಿ ತೆರಪು ಬಿಟ್ಟು ಗಾಳಿಯಾಡುವಂತೆ ಮಾಡುವುದು, ಕಿಟಕಿಗಳಿಗೆ ಬಿಸಿಲುತಡೆ ಒದಗಿಸುವುದು ಅವರ ಕ್ರಮವಾಯಿತು. ಯಂತ್ರದ ಸಹಾಯವಿಲ್ಲದೆ ಕಟ್ಟಡವೇ ತನ್ನೊಳಗಿನವರನ್ನು ತಂಪಾಗಿಡಬೇಕು ಎಂಬ ನಿಲುವು ಮುಂದೆ ಅವರ ಬೋಧನೆಯ ಕೇಂದ್ರವಾಯಿತು.

ಟಾಟಾ ಸಂಸ್ಥೆ ಮತ್ತು ಜಮ್ಶೆಡ್‌ಪುರ

ವಿಜ್ಞಾನ ಸಂಸ್ಥೆಯ ಕೆಲಸದಿಂದ ಟಾಟಾ ಸಂಸ್ಥೆಯವರೊಡನೆ ಕೋನಿಗ್ಸ್‌ಬರ್ಗರ್ ಅವರ ಸಂಪರ್ಕ ಬೆಳೆಯಿತು. 1944–45ರಲ್ಲಿ ಉಕ್ಕಿನ ನಗರ ಜಮ್ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನು ಅವರು ಸಿದ್ಧಪಡಿಸಿದರು. ಮಕ್ಕಳು ನಡೆದೇ ಶಾಲೆಗೆ ಹೋಗಬಹುದಾದ, ಮಾರುಕಟ್ಟೆ ಮತ್ತು ಆಟದ ಬಯಲುಗಳು ಒಳಗೇ ಇರುವ ನೆರೆಹೊರೆ ಘಟಕಗಳಾಗಿ ನಗರವನ್ನು ವಿಂಗಡಿಸುವ ಕ್ರಮವನ್ನು ಇಲ್ಲಿ ಅನುಸರಿಸಿದರು. ಕಾರ್ಮಿಕರ ಸಂಖ್ಯೆ ಹೆಚ್ಚುತ್ತಿದ್ದ ಊರಿನಲ್ಲಿ ಕಡಿಮೆ ಕಾಲದಲ್ಲಿ ಹೆಚ್ಚು ಮನೆಗಳನ್ನು ಒದಗಿಸಬೇಕಾದ ಅಗತ್ಯವು ಅವರ ಗಮನವನ್ನು ಸಿದ್ಧ ಭಾಗಗಳ ಮನೆಗಳ ಕಡೆಗೆ ಸೆಳೆಯಿತು.

ಕೇಂದ್ರ ಸರ್ಕಾರದ ವಸತಿ ನಿರ್ದೇಶಕ

1947ರ ದೇಶವಿಭಜನೆಯ ನಂತರ ಪಾಕಿಸ್ತಾನದಿಂದ ಭಾರತಕ್ಕೆ ಬಂದ ನಿರಾಶ್ರಿತರ ಸಂಖ್ಯೆ 1951ರ ಜನಗಣತಿಯಂತೆ 70 ಲಕ್ಷವನ್ನು ಮೀರಿತ್ತು. ದೆಹಲಿ ಒಂದಕ್ಕೇ ಸುಮಾರು 5 ಲಕ್ಷ ಮಂದಿ ಬಂದಿದ್ದರು. ಹಳೆಯ ಕೋಟೆ, ಶಾಲೆ, ದೇವಸ್ಥಾನ, ಸೈನಿಕ ಬಿಡಾರ, ಬಯಲಿನ ಡೇರೆಗಳಲ್ಲಿ ಕುಟುಂಬಗಳು ದಿನ ಕಳೆಯುತ್ತಿದ್ದವು. ಇಂತಹ ಹೊತ್ತಿನಲ್ಲಿ, 1948ರಲ್ಲಿ, ಕೋನಿಗ್ಸ್‌ಬರ್ಗರ್ ಅವರನ್ನು ಕೇಂದ್ರ ಆರೋಗ್ಯ ಸಚಿವಾಲಯದಲ್ಲಿ ವಸತಿ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಆಗ ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಸಚಿವೆಯಾಗಿದ್ದರು.

ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಈ ಅವಧಿಯ ಮುಖ್ಯ ಕೃತಿ. ಅಲ್ಲಿ 1948ರ ಏಪ್ರಿಲ್ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಒಂದು ಮುಖ್ಯ ಮಾರ್ಗದ ಉದ್ದಕ್ಕೂ ನೆರೆಹೊರೆ ಘಟಕಗಳನ್ನು ಜೋಡಿಸಿ, ಅಗತ್ಯ ಬಿದ್ದಂತೆ ಹೊಸ ಘಟಕಗಳನ್ನು ಸೇರಿಸಬಹುದಾದ ರೀತಿಯಲ್ಲಿ ಅವರು ನಗರವನ್ನು ಯೋಜಿಸಿದರು. ಗಾಂಧಿಧಾಮ, ಫರೀದಾಬಾದ್ ಮೊದಲಾದ ಪುನರ್ವಸತಿ ನಗರಗಳ ಯೋಜನೆಯಲ್ಲಿಯೂ ಅವರ ಪಾಲಿದೆ.

ಸರ್ಕಾರಿ ವಸತಿ ಕಾರ್ಖಾನೆ

ಹೊಸ ನಗರಗಳಿಗೆ ನಕ್ಷೆ ಬರೆದ ಮಾತ್ರಕ್ಕೆ ಮನೆಗಳು ಏಳುವುದಿಲ್ಲ. ಇಟ್ಟಿಗೆಗೆ, ಕಲ್ಲಿದ್ದಲಿಗೆ, ಸಾಗಣೆಗೆ ಎಲ್ಲೆಡೆ ಅಭಾವವಿತ್ತು. ವಿಮಾನ ಅಥವಾ ಮೋಟಾರು ವಾಹನಗಳನ್ನು ತಯಾರಿಸುವಂತೆ ಮನೆಗಳನ್ನೂ ಕಾರ್ಖಾನೆಯಲ್ಲಿ ತಯಾರಿಸುವ ಆಲೋಚನೆ ಯುದ್ಧಾನಂತರದ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಆಗ ಪ್ರಬಲವಾಗಿತ್ತು. ಈ ಹಿನ್ನೆಲೆಯಲ್ಲಿ ದೆಹಲಿಯ ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆಯನ್ನು ಸ್ಥಾಪಿಸಲಾಯಿತು. ಯೋಜನೆಗೆ ನೆಹರೂ ಅವರ ಬೆಂಬಲವೂ ಇತ್ತು.

ಕಾರ್ಖಾನೆಯ ಮನೆ ಒಂದೇ ಅಂತಸ್ತಿನದು. ಗೋಡೆ ಮತ್ತು ಚಾವಣಿಗಳಿಗೆ ಗಾಳಿಗುಳ್ಳೆಗಳುಳ್ಳ ಹಗುರ ಕಾಂಕ್ರೀಟಿನ ಹಲಗೆಗಳನ್ನು ಅಚ್ಚಿನಲ್ಲಿ ತಯಾರಿಸಬೇಕಿತ್ತು. ಹಲಗೆಗಳನ್ನು ಲಾರಿಯಲ್ಲಿ ಸ್ಥಳಕ್ಕೆ ಸಾಗಿಸಿ, ಸಿದ್ಧವಾದ ತಳಪಾಯದ ಮೇಲೆ ಕೆಲವೇ ಮಂದಿ ಕೆಲಸಗಾರರು ಜೋಡಿಸುವುದು ಉದ್ದೇಶ. ಹಗುರ ಕಾಂಕ್ರೀಟು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲವಾದ್ದರಿಂದ ದೆಹಲಿಯ ಬೇಸಿಗೆಗೆ ಇದು ಒಪ್ಪುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು.

ಫಲಿತಾಂಶ ಹಾಗಾಗಲಿಲ್ಲ. ಹಗುರ ಕಾಂಕ್ರೀಟಿನ ಗಟ್ಟಿತನವು ಮಿಶ್ರಣದ ಪ್ರಮಾಣ, ಗುಳ್ಳೆಗಳ ಗಾತ್ರ, ಹದಗೊಳಿಸುವಾಗಿನ ತೇವ ಮತ್ತು ಉಷ್ಣತೆ ಇವೆಲ್ಲವನ್ನೂ ಅವಲಂಬಿಸುತ್ತದೆ. ತಯಾರಾದ ಹಲಗೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಎತ್ತಿಳಿಸುವಾಗ ಮತ್ತು ಸಾಗಿಸುವಾಗ ಹಲಗೆಗಳು ಒಡೆದವು. ಹಲಗೆಗಳು ನಿರೀಕ್ಷಿತ ಸಂಖ್ಯೆಯಲ್ಲಿ ಹೊರಬರಲಿಲ್ಲ. ಹೀಗಾಗಿ ಒಂದೊಂದು ಮನೆಯ ಮೇಲೆ ಬಿದ್ದ ಖರ್ಚು ಇಟ್ಟಿಗೆಯ ಮನೆಗಿಂತ ಕಡಿಮೆಯಾಗಲಿಲ್ಲ. ಡೇರೆಗಳಲ್ಲಿ ಕಾಯುತ್ತಿದ್ದವರಿಗೆ ಭರವಸೆ ನೀಡಿದ ಮನೆಗಳು ಸಕಾಲಕ್ಕೆ ಸಿಗಲಿಲ್ಲ. ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಟೀಕೆ ವ್ಯಕ್ತವಾಯಿತು, ಯೋಜನೆಯನ್ನು ನಿಲ್ಲಿಸಲಾಯಿತು. ಕೋನಿಗ್ಸ್‌ಬರ್ಗರ್ 1951ರಲ್ಲಿ ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಕಾರ್ಖಾನೆ ಮಾತ್ರ ಉಳಿಯಿತು. 1953ರಲ್ಲಿ ಅದು ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಗಿ ಮರುಹುಟ್ಟು ಪಡೆಯಿತು. ಹಗುರ ಹಲಗೆಗಳ ಜತೆಗೆ ಪೂರ್ವಪ್ರಬಲಿತ ಕಾಂಕ್ರೀಟಿನ ತೊಲೆ, ಕಂಬ, ರೈಲು ಸ್ಲೀಪರುಗಳಂತಹ ವಸ್ತುಗಳ ತಯಾರಿಕೆಗೆ ತಿರುಗಿತು. 1978ರಲ್ಲಿ ಅದಕ್ಕೆ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂಬ ಹೆಸರು ಬಂದಿತು.

ಲಂಡನ್ನಿನಲ್ಲಿ ಬೋಧನೆ

1953ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತ ಸಮ್ಮೇಳನವೊಂದು ನಡೆಯಿತು. ಬ್ರಿಟನ್ನಿನ ಶಾಲೆಗಳಲ್ಲಿ ಕಲಿಯುವ ವಿದ್ಯೆ ತಮ್ಮ ದೇಶದ ಬಿಸಿಲು ಮಳೆಗಳಿಗೆ ಉಪಯೋಗಕ್ಕೆ ಬರುವುದಿಲ್ಲ ಎಂಬುದು ಏಷ್ಯಾ ಮತ್ತು ಆಫ್ರಿಕಾದ ವಿದ್ಯಾರ್ಥಿಗಳ ಅಸಮಾಧಾನವಾಗಿತ್ತು. ಇದರ ಫಲವಾಗಿ 1954ರಲ್ಲಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗ ತೆರೆಯಿತು. ಮ್ಯಾಕ್ಸ್‌ವೆಲ್ ಫ್ರೈ ಅದರ ಮೊದಲ ಮುಖ್ಯಸ್ಥರು. 1957ರಿಂದ ಕೋನಿಗ್ಸ್‌ಬರ್ಗರ್ ಅದನ್ನು ನಡೆಸಿದರು. 1970ರ ದಶಕದ ಆರಂಭದಲ್ಲಿ ವಿಭಾಗವು ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸೇರಿ ಅಭಿವೃದ್ಧಿ ಯೋಜನಾ ಘಟಕ ಎಂದಾಯಿತು. ಅಲ್ಲಿ ಅವರು 1978ರವರೆಗೆ ಪ್ರಾಧ್ಯಾಪಕರಾಗಿದ್ದರು.

ವಿಶ್ವಸಂಸ್ಥೆಯ ಸಲಹೆಗಾರ

1950ರ ದಶಕದ ಮಧ್ಯಭಾಗದಲ್ಲಿ ಚಾರ್ಲ್ಸ್ ಅಬ್ರಾಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್ಸ್‌ಕಿ ಅವರೊಡನೆ ಕೋನಿಗ್ಸ್‌ಬರ್ಗರ್ ಗೋಲ್ಡ್ ಕೋಸ್ಟ್‌ಗೆ (ಇಂದಿನ ಘಾನಾ) ವಿಶ್ವಸಂಸ್ಥೆಯ ಪರವಾಗಿ ಭೇಟಿ ನೀಡಿದರು. ಅಲ್ಲಿ ಈ ತಂಡವು ಚಾವಣಿ ಸಾಲ ಯೋಜನೆಯನ್ನು ಸೂಚಿಸಿತು. ಹಳ್ಳಿಯವರು ಮಣ್ಣಿನ ಗೋಡೆಗಳನ್ನು ತಾವೇ ಕಟ್ಟಿಕೊಳ್ಳಬಲ್ಲರು. ಅವರ ಕೈಗೆ ಎಟುಕದಿರುವುದು ಬಾಳಿಕೆಯ ಚಾವಣಿ. ಆದ್ದರಿಂದ ಸರ್ಕಾರ ಚಾವಣಿಗೆ ಮಾತ್ರ ಸಾಲ ಕೊಟ್ಟರೆ ಸಾಕು ಎಂಬುದು ಯೋಜನೆಯ ತಿರುಳು. ಇಡೀ ಮನೆಯನ್ನು ಕಾರ್ಖಾನೆಯಿಂದ ಕಳುಹಿಸುವ ದೆಹಲಿಯ ಪ್ರಯತ್ನಕ್ಕೆ ಹೋಲಿಸಿದರೆ ಇದು ತೀರ ಬೇರೆಯ ದಾರಿ. ಜನರು ಮಾಡಿಕೊಳ್ಳಬಲ್ಲದ್ದನ್ನು ಅವರಿಗೇ ಬಿಟ್ಟು, ಮಾಡಿಕೊಳ್ಳಲಾಗದ ಒಂದು ಭಾಗವನ್ನಷ್ಟೇ ಒದಗಿಸುವುದು ಇಲ್ಲಿನ ಕ್ರಮ.

1963ರಲ್ಲಿ ಅಬ್ರಾಮ್ಸ್ ಮತ್ತು ಸುಸುಮು ಕೋಬೆ ಅವರೊಡನೆ ಸಿಂಗಪುರದ ಬೆಳವಣಿಗೆಯನ್ನು ಕುರಿತು ವರದಿ ಸಲ್ಲಿಸಿದರು. ನೈಜೀರಿಯಾದ ಲಾಗೋಸ್ ನಗರದ ಸಮಸ್ಯೆಗಳನ್ನೂ ಅಧ್ಯಯನ ಮಾಡಿದರು. ವೇಗವಾಗಿ ಬೆಳೆಯುವ ನಗರಕ್ಕೆ ಇಪ್ಪತ್ತು ವರ್ಷಗಳ ಸ್ಥಿರ ಮಹಾನಕ್ಷೆ ಪ್ರಯೋಜನವಿಲ್ಲ, ಕೆಲಸ ಮಾಡುತ್ತ ಫಲಿತಾಂಶ ನೋಡಿ ಯೋಜನೆಯನ್ನು ತಿದ್ದುತ್ತ ಹೋಗಬೇಕು ಎಂಬ ಅವರ ವಿಚಾರ ಕ್ರಿಯಾ ಯೋಜನೆ ಎಂದು ಹೆಸರಾಯಿತು.

ಗ್ರಂಥಗಳು

ಇಂಗರ್ಸೋಲ್, ಮೇಹ್ಯೂ ಮತ್ತು ಸೊಕೊಲೇ ಅವರೊಂದಿಗೆ ಬರೆದ ಮ್ಯಾನ್ಯುಯಲ್ ಆಫ್ ಟ್ರಾಪಿಕಲ್ ಹೌಸಿಂಗ್ ಅಂಡ್ ಬಿಲ್ಡಿಂಗ್ (1974) ಕೋನಿಗ್ಸ್‌ಬರ್ಗರ್ ಅವರ ಪ್ರಸಿದ್ಧ ಗ್ರಂಥ. ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇದು ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ. ಕಾರ್ಲ್ ಮಹೋನಿ ಮತ್ತು ಮಾರ್ಟಿನ್ ಇವಾನ್ಸ್ ಅವರೊಂದಿಗೆ ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ವಾತಾವರಣ ಮತ್ತು ಮನೆಯ ವಿನ್ಯಾಸ ಕುರಿತ ಕೈಪಿಡಿ 1971ರಲ್ಲಿ ಹೊರಬಂದಿತು. ಒಂದು ಊರಿನ ತಿಂಗಳುವಾರು ಉಷ್ಣತೆ, ತೇವಾಂಶ, ಮಳೆ ಮತ್ತು ಗಾಳಿಯ ಅಂಕಿಗಳನ್ನು ತುಂಬಿದರೆ ಅಲ್ಲಿಗೆ ಒಪ್ಪುವ ಗೋಡೆ, ಚಾವಣಿ, ತೆರಪುಗಳನ್ನು ಸೂಚಿಸುವ ಮಹೋನಿ ಕೋಷ್ಟಕಗಳು ಈ ಕೈಪಿಡಿಯ ಮೂಲಕ ವ್ಯಾಪಕ ಬಳಕೆಗೆ ಬಂದವು.

ಸಿದ್ಧ ಕಟ್ಟಡಗಳು ಮತ್ತು ಇಂದಿನ ಪ್ರಸ್ತುತತೆ

ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬಂದಿಳಿಯುವ ಕಟ್ಟಡ ಇಂದು ಸಾಮಾನ್ಯ ನೋಟ. ಉತ್ತರ ಬೆಂಗಳೂರಿನ ಹೆಬ್ಬಾಳ, ಯಲಹಂಕ ಮೊದಲಾದ ಕಡೆಗಳ ನಿರ್ಮಾಣ ಸ್ಥಳಗಳಲ್ಲಿ ಕಚೇರಿಯಾಗಿ, ಕಾವಲುಗಾರರ ಕೋಣೆಯಾಗಿ, ಉಗ್ರಾಣವಾಗಿ ಪೋರ್ಟಬಲ್ ಕ್ಯಾಬಿನ್‌ಗಳು ಬಳಕೆಯಲ್ಲಿವೆ. ಹಡಗಿನ ಸರಕು ಕಂಟೇನರುಗಳನ್ನು ಮಾರ್ಪಡಿಸಿ ಅಂಗಡಿ, ಉಪಾಹಾರ ಗೃಹಗಳನ್ನಾಗಿ ಮಾಡುವುದೂ ಉಂಟು. ಇಂತಹ ಕಂಟೇನರು ಬಳಕೆಗೆ ಬಂದದ್ದು ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟ ನಂತರ. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಅವರ ಐಡಿಯಲ್ ಎಕ್ಸ್ ಹಡಗು 1956ರ ಏಪ್ರಿಲ್ 26ರಂದು 58 ಕಂಟೇನರುಗಳೊಡನೆ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಮುಂದೆ 20 ಅಡಿ ಮತ್ತು 40 ಅಡಿ ಉದ್ದದ ಅಳತೆಗಳು ಅಂತರರಾಷ್ಟ್ರೀಯ ಮಾನದಂಡಗಳಾದವು.

ಕಂಟೇನರು ಮತ್ತು ದೆಹಲಿಯ ಕಾಂಕ್ರೀಟು ಮನೆಗಳ ನಡುವಿನ ವ್ಯತ್ಯಾಸ ಗಮನಾರ್ಹ. ಕಂಟೇನರನ್ನು ರೂಪಿಸಿರುವುದೇ ಎತ್ತಲು, ಸಾಗಿಸಲು, ಒಂದರ ಮೇಲೊಂದು ಪೇರಿಸಲು. ಹೊರೆಯೆಲ್ಲ ನಾಲ್ಕು ಮೂಲೆಗಂಬಗಳ ಮೂಲಕ ಇಳಿಯುತ್ತದೆ. 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ, ಸಾಗಣೆಯಲ್ಲಿರುವ ಪ್ರತಿಯೊಂದು ಕಂಟೇನರಿನ ಮೇಲೆ ತಯಾರಿಕೆಯ ದಿನಾಂಕ, ಗುರುತಿನ ಸಂಖ್ಯೆ ಮತ್ತು ತಾಳಬಲ್ಲ ಹೊರೆಯನ್ನು ನಮೂದಿಸಿದ ಸುರಕ್ಷತಾ ಫಲಕವಿರಬೇಕು. ಕೊಳ್ಳುವವರಿಗೆ ಅದರ ವಯಸ್ಸು ತಿಳಿಯಲು ಈ ಫಲಕವೇ ಆಧಾರ. ಕಿಟಕಿ ಬಾಗಿಲುಗಳಿಗಾಗಿ ಅಲೆಯಾಕಾರದ ಬದಿಗೋಡೆಯನ್ನು ಕತ್ತರಿಸಿದರೆ ಪೆಟ್ಟಿಗೆಯ ಬಿಗಿ ಕಡಿಮೆಯಾಗುವುದರಿಂದ ತೆರಪಿನ ಸುತ್ತ ಉಕ್ಕಿನ ಚೌಕಟ್ಟು ಕೊಡಬೇಕಾಗುತ್ತದೆ. ತುಕ್ಕು, ನೆಲದ ಹಲಗೆಯ ಸ್ಥಿತಿ, ಬಾಗಿಲಿನ ರಬ್ಬರು ಅಂಚು, ಚಾವಣಿಯ ತಗ್ಗುಗಳು ಗುಣಮಟ್ಟವನ್ನು ಅಳೆಯುವ ಇತರ ಅಂಶಗಳು. ಒಳಗೆ ನಿಂತು ಬಾಗಿಲು ಮುಚ್ಚಿದಾಗ ಎಲ್ಲಿಂದಲೂ ಬೆಳಕಿನ ಕಿರಣ ಬಾರದಿದ್ದರೆ ತೂತುಗಳಿಲ್ಲವೆಂದು ತಿಳಿಯುತ್ತದೆ.

ಬಿಸಿಲಿನ ವಿಷಯದಲ್ಲಿ ಮಾತ್ರ ಕೋನಿಗ್ಸ್‌ಬರ್ಗರ್ ಬೋಧಿಸಿದ ತತ್ತ್ವಗಳೇ ಅನ್ವಯಿಸುತ್ತವೆ. ತೆಳು ಉಕ್ಕಿನ ಗೋಡೆ ಶಾಖವನ್ನು ಕ್ಷಣದಲ್ಲಿ ಒಳಗೆ ಬಿಡುತ್ತದೆ. ಶಾಖನಿರೋಧಕ ಪದರ, ಮೇಲೊಂದು ನೆರಳಿನ ಚಾವಣಿ, ಎರಡರ ನಡುವೆ ಗಾಳಿಯಾಡುವ ಜಾಗ, ಎದುರುಬದುರು ಕಿಟಕಿಗಳು, ಉದ್ದನೆಯ ಬದಿ ಉತ್ತರ ದಕ್ಷಿಣಕ್ಕೆ ಮುಖ ಮಾಡುವಂತೆ ಇರಿಸುವುದು ಇವಿಲ್ಲದಿದ್ದರೆ ಬೆಂಗಳೂರಿನ ಹಿತವಾದ ಹವೆಯಲ್ಲಿಯೂ ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಕೂರುವುದು ಕಷ್ಟ. ಸಿದ್ಧ ಕಟ್ಟಡದ ನಿಜವಾದ ಬೆಲೆಯು ಕಾರ್ಖಾನೆಯ ಬಾಗಿಲಲ್ಲಿ ಗೊತ್ತಾಗುವುದಿಲ್ಲ. ಸಾಗಣೆ, ಕ್ರೇನು, ತಳಪಾಯ, ಕೀಲುಗಳ ದುರಸ್ತಿ, ಒಳಗಿರುವವರ ನೆಮ್ಮದಿ ಎಲ್ಲವನ್ನೂ ಸೇರಿಸಿದಾಗಲೇ ಅದು ತಿಳಿಯುತ್ತದೆ ಎಂಬುದನ್ನು ಜಂಗಪುರದ ಅನುಭವ ತೋರಿಸಿಕೊಟ್ಟಿದೆ.

ನಿಧನ ಮತ್ತು ಸ್ಮರಣೆ

ಕೋನಿಗ್ಸ್‌ಬರ್ಗರ್ 1999ರ ಜನವರಿ 3ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 90 ವರ್ಷ ವಯಸ್ಸಾಗಿತ್ತು. ನಾಜಿ ಜರ್ಮನಿಯಿಂದ ಹೊರದೂಡಲ್ಪಟ್ಟು ಬಂದ ಒಬ್ಬ ನಿರಾಶ್ರಿತ ಮೈಸೂರು ಸಂಸ್ಥಾನದಲ್ಲಿ ನೆಲೆ ಕಂಡು, ಮುಂದೆ ಲಕ್ಷಾಂತರ ನಿರಾಶ್ರಿತರ ವಸತಿಯ ಹೊಣೆ ಹೊತ್ತದ್ದು ಅವರ ಬದುಕಿನ ವಿಶೇಷ. ಆ ಹೊಣೆಯಲ್ಲಿ ಅವರ ಅತಿ ದೊಡ್ಡ ಪ್ರಯತ್ನ ಸೋತಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ಯುದ್ಧಕಾಲದ ಕೊರತೆಗಳ ನಡುವೆ ಸ್ಥಳೀಯ ಸಾಮಗ್ರಿಗಳಿಂದ ವಿನ್ಯಾಸಗೊಳಿಸಿದ ಕಟ್ಟಡಗಳು ಭಾರತದ ಆರಂಭಿಕ ಆಧುನಿಕ ವಾಸ್ತುಶಿಲ್ಪದ ಉದಾಹರಣೆಗಳಾಗಿ ಇಂದು ಅಧ್ಯಯನಕ್ಕೆ ಒಳಗಾಗಿವೆ.